ಅಟ್ಟದ ಮೇಲೆ ಸಿಗುವ ನೆಟ್‌ವರ್ಕನ್ನು ಅಡುಗೆಮನೆಯವರೆಗೆ ತರುವುದು ಹೇಗೆ?

ಮಲೆನಾಡಿನ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗುವ ಜಾಗ ಒಂದೇ ಒಂದು. ಅಟ್ಟದ ಕಿಟಕಿ, ಅಂಗಳದ ಒಂದು ಮೂಲೆ, ಇಲ್ಲವೇ ಕೊಟ್ಟಿಗೆಯ ಹಿಂದಿನ ದರೆ. ಅಲ್ಲಿ ನಿಂತರೆ ಮಾತು ಕೇಳುತ್ತದೆ, ಎರಡು ಹೆಜ್ಜೆ ಒಳಗೆ ಬಂದರೆ ಕಡಿದುಹೋಗುತ್ತದೆ. ನೀರು ಹತ್ತಿರ ಸಿಗಲೆಂದು ಮನೆ ಕಟ್ಟಿದ್ದು ತೋಟದ ತಲೆಯಲ್ಲಿ, ಅಂದರೆ ಕಣಿವೆಯೊಳಗೆ. ಟವರ್ ಇರುವುದು ರಸ್ತೆ ಬದಿಯ ಗುಡ್ಡದ ಮೇಲೆ. ನಡುವೆ ಇನ್ನೊಂದು ಗುಡ್ಡ, ಅದರ ಮೇಲೆ ದಟ್ಟ ಮರ. ತೀರ್ಥಹಳ್ಳಿ, ಕೊಪ್ಪ, ಸಿದ್ದಾಪುರ, ಜೋಯಿಡಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಗುಡ್ಡ ಹತ್ತಿ, ಟಾರ್ಪಾಲಿನಡಿ ಕೂತಿದ್ದನ್ನು ನಾವೆಲ್ಲ ನೋಡಿದ್ದೇವೆ.

ಒಂದು ಜಾಗದಲ್ಲಿ ಸಿಗ್ನಲ್ ಇದೆ ಎಂದಾದರೆ ಅದನ್ನು ಇಡೀ ಮನೆಗೆ ಹಂಚಬಹುದು. ಅದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಮಾತನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ: ನೆಟ್ ಹಿಡಿಯುವ ಜಾಗ ಬೇರೆ, ಹಂಚುವ ಜಾಗ ಬೇರೆ. ಹೆಚ್ಚಿನವರು ಸಿಮ್ ಹಾಕಿದ ರೂಟರನ್ನು ತಂದು ಪಡಸಾಲೆಯ ಟಿವಿ ಪಕ್ಕ ಇಡುತ್ತಾರೆ. ಅಲ್ಲಿ ವೈ-ಫೈ ಐದೂ ಗೆರೆ ತೋರಿಸುತ್ತದೆ, ನೆಟ್ ಮಾತ್ರ ಓಡುವುದಿಲ್ಲ. ಹಿಡಿಯುವ ಯಂತ್ರ ಅಟ್ಟದಲ್ಲೇ ಇರಲಿ, ಹಂಚುವ ಯಂತ್ರ ಕೆಳಗಿರಲಿ, ನಡುವೆ ಒಂದು ಕೇಬಲ್ ಇಳಿಯಲಿ.

ಉಪಾಯವೇನೂ ಹೊಸದಲ್ಲ. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ, ಟೆಲಿಫೋನ್ ತಂತಿಯ ಮೇಲೆ. ಮುಂದೆ 56 ಕೆಬಿಪಿಎಸ್‌ನ ಮೋಡೆಮ್, ಅಂದರೆ ಕಂಪ್ಯೂಟರನ್ನು ಟೆಲಿಫೋನ್ ತಂತಿಗೆ ಜೋಡಿಸುವ ಯಂತ್ರ ಬಂತು. ಇರುವುದೊಂದೇ ಲೈನು, ಮನೆಯಲ್ಲೋ ಆಫೀಸಿನಲ್ಲೋ ಎರಡು ಮೂರು ಕಂಪ್ಯೂಟರ್. 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲಿ ಒಂದು ಕಂಪ್ಯೂಟರಿನ ಡಯಲ್-ಅಪ್ ಸಂಪರ್ಕವನ್ನು ಉಳಿದವಕ್ಕೆ ಹಂಚುವ ಸೌಕರ್ಯ ಸೇರಿತು. ಮೋಡೆಮ್ ಇರುವ ಯಂತ್ರ ಹೊರಗಿನೊಂದಿಗೆ ವ್ಯವಹರಿಸುತ್ತದೆ, ಒಳಗಿನವಕ್ಕೆ 192.168ರಿಂದ ಶುರುವಾಗುವ ಖಾಸಗಿ ವಿಳಾಸ ಕೊಡುತ್ತದೆ, ಹೊರಗಿಂದ ಬಂದದ್ದನ್ನು ಕೇಳಿದವರಿಗೆ ಮುಟ್ಟಿಸುತ್ತದೆ. ಈಗ ಟೆಲಿಫೋನ್ ತಂತಿಯ ಜಾಗಕ್ಕೆ ಸಿಮ್ ಬಂದಿದೆ. ಕೆಲಸದ ಕ್ರಮ ಅದೇ.

ಮೊದಲು ಅಳೆಯಿರಿ

ಫೋನಿನ ಗೆರೆಗಳನ್ನು ನಂಬಬೇಡಿ. ಒಂದು ಕಂಪನಿಯ ಫೋನಿನಲ್ಲಿ ಮೂರು ಗೆರೆ ಅಂದರೆ ಇನ್ನೊಂದರಲ್ಲಿ ಎರಡು. ನೋಡಬೇಕಾದ್ದು ಅಂಕಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ ‘ಸಿಮ್ ಸ್ಟೇಟಸ್’ ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. ಹಲವು ಫೋನುಗಳಲ್ಲಿ *#*#4636#*#* ಒತ್ತಿದರೂ ಈ ಪುಟ ತೆರೆಯುತ್ತದೆ. ಐಫೋನಿನಲ್ಲಾದರೆ *3001#12345#* ಒತ್ತಿ ಕರೆ ಗುಂಡಿ ಒತ್ತಬೇಕು.

ಅಂಕಿ ಋಣದಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ -85 ಅಥವಾ ಅದಕ್ಕಿಂತ ಮೇಲಿದ್ದರೆ ಚೆನ್ನಾಗಿದೆ. -100ರ ಆಸುಪಾಸಿನಲ್ಲಿ ಕೆಲಸ ನಡೆಯುತ್ತದೆ. -110 ದಾಟಿದರೆ ಕಷ್ಟ, -120ರಲ್ಲಿ ಇದ್ದೂ ಇಲ್ಲದಂತೆ. ಮೂರು ಡಿಬಿ ಹೆಚ್ಚಿತೆಂದರೆ ಬಲ ಇಮ್ಮಡಿಯಾಯಿತೆಂದು ಅರ್ಥ. ಹಾಗಾಗಿ -108ರ ಜಾಗ ಬಿಟ್ಟು -102ರ ಜಾಗ ಹುಡುಕಿಕೊಂಡರೆ ಲಾಭ ಸಣ್ಣದಲ್ಲ, ನಾಲ್ಕು ಪಟ್ಟು.

ಒಂದು ಹಾಳೆ, ಪೆನ್ನು ಹಿಡಿದು ಮನೆ ಸುತ್ತಿ. ಪ್ರತಿ ಜಾಗದಲ್ಲೂ ಫೋನನ್ನು ಒಂದು ನಿಮಿಷ ಇಟ್ಟು, ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಅಟ್ಟದಲ್ಲಿ ಟವರ್ ದಿಕ್ಕಿನ ಗೋಡೆಯ ಬಳಿ, ಮಾಡಿನ ತುದಿಯ ಹತ್ತಿರ, ನೀರಿನ ಟ್ಯಾಂಕಿನ ಪಕ್ಕ, ಎಲ್ಲ ಕಡೆ ನೋಡಿ. ಹಂಚಿನ ಮಾಡಿನ ಮೂಲಕ ಸಿಗ್ನಲ್ ಸುಮಾರಾಗಿ ಒಳಬರುತ್ತದೆ. ತಗಡಿನ ಶೀಟ್ ಹೊದಿಸಿದ್ದರೆ ಬಹುಪಾಲು ಹೊರಗೇ ಉಳಿಯುತ್ತದೆ. ಮನೆಯಲ್ಲಿ ಬೇರೆ ಬೇರೆ ಕಂಪನಿಯ ಸಿಮ್‌ಗಳಿದ್ದರೆ ಎಲ್ಲವನ್ನೂ ಅಳೆಯಿರಿ. ಊರಿನಲ್ಲಿ ಯಾವುದು ಹೆಚ್ಚು ಚಾಲ್ತಿಯಲ್ಲಿದೆ ಎಂಬುದು ನಿಮ್ಮ ಅಟ್ಟಕ್ಕೆ ಸಂಬಂಧಿಸಿದ್ದಲ್ಲ.

ವೇಗದ ಪರೀಕ್ಷೆ ಕೊನೆಗೆ ಮಾಡಿ, ಒಳ್ಳೆಯ ಅಂಕಿ ಬಂದ ಎರಡು ಮೂರು ಜಾಗಗಳಲ್ಲಿ ಮಾತ್ರ. ಒಂದೊಂದು ಪರೀಕ್ಷೆಗೂ ಹತ್ತಾರು ಎಂಬಿ ಹೋಗುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಹೊತ್ತಿಗೆ ಒಮ್ಮೆ ನೋಡಿ. ಎಲ್ಲರೂ ಫೋನ್ ಹಿಡಿದು ಕೂತ ಹೊತ್ತಿನಲ್ಲಿ ಸಿಗುವುದೇ ನಿಮ್ಮ ನಿಜವಾದ ವೇಗ.

ಹಿಡಿಯುವ ಯಂತ್ರ

ಮೂರು ದಾರಿಗಳಿವೆ. ಖರ್ಚಿಲ್ಲದ್ದು ಹಳೆಯ ಸ್ಮಾರ್ಟ್‌ಫೋನ್. ಪರದೆ ಒಡೆದಿದ್ದರೂ ನಡೆಯುತ್ತದೆ. ಹಾಟ್‌ಸ್ಪಾಟ್ ಆನ್ ಮಾಡಿ, ಯಾರೂ ಬಳಸದಿದ್ದಾಗ ತಾನಾಗಿ ಆಫ್ ಆಗುವ ಆಯ್ಕೆಯನ್ನು ತೆಗೆದುಹಾಕಿ. ಆದರೆ ಹಗಲೂ ರಾತ್ರಿ ಚಾರ್ಜಿಗಿಟ್ಟ ಫೋನಿನ ಬ್ಯಾಟರಿ ಉಬ್ಬುತ್ತದೆ, ಅದರಲ್ಲೂ ಏಪ್ರಿಲ್ ಬಿಸಿಲಿನಲ್ಲಿ ಹಂಚಿನ ಕೆಳಗೆ. ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಫೋನಿನಲ್ಲಿದ್ದರೆ ಬಳಸಿ. ವಾರಕ್ಕೊಮ್ಮೆ ಹಿಂಬದಿ ಮುಟ್ಟಿ ನೋಡಿ, ಉಬ್ಬಿದ್ದರೆ ಅಂದೇ ನಿಲ್ಲಿಸಿ. ಅಟ್ಟದಲ್ಲಿ ಒಣಹುಲ್ಲು, ಗೋಣಿಚೀಲ, ಅಡಿಕೆ ಇಟ್ಟಿರುವ ಮನೆಗಳಲ್ಲಿ ಈ ದಾರಿ ಬೇಡವೇ ಬೇಡ.

ಎರಡನೆಯದು ಜೇಬಿನಲ್ಲಿಡುವ ಹಾಟ್‌ಸ್ಪಾಟ್ ಡಬ್ಬಿ. ಪ್ರಯಾಣಕ್ಕೆ ಸರಿ, ಮನೆಗೆ ಅಷ್ಟೇನೂ ಅಲ್ಲ. ಬ್ಯಾಟರಿಯ ತಾಪತ್ರಯ ಇದಕ್ಕೂ ಇದೆ.

ಮೂರನೆಯದು ಸಿಮ್ ಹಾಕುವ 4ಜಿ ರೂಟರ್. ವರ್ಷಗಟ್ಟಲೆ ನಡೆಯಬೇಕೆಂದರೆ ನನ್ನ ಮತ ಇದಕ್ಕೇ. ಕೊಳ್ಳುವಾಗ ಎರಡು ವಿಷಯ ನೋಡಿ. ಹೊರಗಿನ ಆಂಟೆನಾ ಸಿಕ್ಕಿಸುವ ತೂತು ಇರಬೇಕು. ಮತ್ತು ನಿಮ್ಮ ಕಂಪನಿಯ ಬ್ಯಾಂಡುಗಳು, ಅಂದರೆ ಅದರ ಸಿಗ್ನಲ್ ಬರುವ ಆವರ್ತನಗಳು, ಅದಕ್ಕೆ ಹಿಡಿಯಬೇಕು. ಜಿಯೋ 4ಜಿ 850, 1800 ಮತ್ತು 2300 ಮೆಗಾಹರ್ಟ್ಸ್‌ಗಳಲ್ಲಿದೆ, ಅಂದರೆ ಬ್ಯಾಂಡ್ 5, 3, 40. ಬಿಎಸ್‌ಎನ್‌ಎಲ್ 4ಜಿಗೆ 700 ಮತ್ತು 2100, ಅಂದರೆ ಬ್ಯಾಂಡ್ 28 ಮತ್ತು 1 ಬೇಕು. ಗುಡ್ಡ ಬಳಸಿ, ಮರಗಳ ನಡುವೆ ನುಸುಳಿ ನಮ್ಮ ಕಣಿವೆಗೆ ಬಂದು ಮುಟ್ಟುವುದು 700, 850ರಂಥ ಕಡಿಮೆ ಆವರ್ತನಗಳೇ. ಬ್ಯಾಂಡ್ 28 ಕೆಲವು ಅಗ್ಗದ ರೂಟರ್‌ಗಳಲ್ಲಿ ಇರುವುದಿಲ್ಲ, ಡಬ್ಬದ ಮೇಲೆ ಓದಿ ನೋಡಿಯೇ ದುಡ್ಡು ಕೊಡಿ.

ಬ್ಯಾಂಕಿಗೆ, ಆಧಾರ್‌ಗೆ ಜೋಡಿಸಿದ ನಂಬರಿನ ಸಿಮ್ಮನ್ನು ಮಾತ್ರ ರೂಟರಿಗೆ ಹಾಕಬೇಡಿ. ಒಟಿಪಿ ಎಲ್ಲ ಅಟ್ಟದ ರೂಟರಿನ ಒಳಗೇ ಉಳಿಯುತ್ತದೆ. ನೆಟ್‌ಗೆಂದೇ ಬೇರೆ ಸಿಮ್ ತೆಗೆದುಕೊಳ್ಳಿ.

ಕೆಳಗೆ ಇಳಿಸುವುದು

ರೂಟರನ್ನು ಅಟ್ಟದಲ್ಲಿ ಒಳ್ಳೆಯ ಅಂಕಿ ಬಂದ ಜಾಗದಲ್ಲೇ ಇಟ್ಟು, ಅದರ ಲ್ಯಾನ್ ತೂತಿನಿಂದ (ಮನೆಯೊಳಗಿನ ಯಂತ್ರಗಳನ್ನು ತಂತಿಯಲ್ಲಿ ಜೋಡಿಸುವ ತೂತು) ಒಂದು ನೆಟ್‌ವರ್ಕ್ ಕೇಬಲ್ ಇಳಿಸಿ. ಕ್ಯಾಟ್ 5ಇ ಅಥವಾ ಕ್ಯಾಟ್ 6, ಯಾವುದಾದರೂ ಸಾಕು. ನೂರು ಮೀಟರ್‌ವರೆಗೆ ಯಾವ ತಕರಾರೂ ಇಲ್ಲದೆ ಓಡುತ್ತದೆ. ಅಂಗಡಿಯಲ್ಲಿ ಪೂರ್ತಿ ತಾಮ್ರದ್ದು ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಕೇಬಲ್ ಅಗ್ಗ, ಆದರೆ ಬಗ್ಗಿಸಿದಲ್ಲಿ ಮುರಿಯುತ್ತದೆ. ಗೋಡೆಯ ಹೊರಗೆ ಹಾಯುವುದಾದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯದ್ದೇ ಬೇಕು. ಒಳಗೆ ಬರುವ ತೂತಿಗೆ ಮೊದಲು ಕೇಬಲ್ ಸ್ವಲ್ಪ ಕೆಳಗೆ ಜೋತುಬಿದ್ದು ಮೇಲೇರುವಂತೆ ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇಲಿಕಾಟ ಇರುವ ಅಟ್ಟದಲ್ಲಿ ಪಿವಿಸಿ ಪೈಪಿನೊಳಗೆ ಹಾಯಿಸಿ.

ಕೆಳಗೆ ಹಂಚಲು ಹೊಸ ಯಂತ್ರ ಕೊಳ್ಳಬೇಕಿಲ್ಲ. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಇದ್ದ ಕಾಲದ ವೈ-ಫೈ ಮೋಡೆಮ್ ಕಪಾಟಿನಲ್ಲಿ ಧೂಳು ಹಿಡಿದು ಬಿದ್ದಿರುತ್ತದೆ, ಅದನ್ನೇ ತೆಗೆಯಿರಿ. ಟೆಲಿಫೋನ್ ತಂತಿಯ ಭಾಗ ಸತ್ತಿದ್ದರೂ ಲ್ಯಾನ್ ಮತ್ತು ವೈ-ಫೈ ಜೀವಂತವಾಗಿರುತ್ತವೆ. ಅದರಲ್ಲಿ ವೈ-ಫೈಗೆ ಪಾಸ್‌ವರ್ಡ್ ಕಾವಲು ಹಾಕುವ ಡಬ್ಲ್ಯುಪಿಎ2 ಭದ್ರತೆ ಇದೆಯೇ ನೋಡಿ, ಇಲ್ಲದಿದ್ದರೆ ಬಳಸಬೇಡಿ. ಇನ್ನು ಹೆಜ್ಜೆಗಳನ್ನು ಈ ಕ್ರಮದಲ್ಲೇ ಮಾಡಿ:

1. ಹಳೆಯ ಮೋಡೆಮ್ಮನ್ನು ಯಾವುದಕ್ಕೂ ಜೋಡಿಸದೆ ಆನ್ ಮಾಡಿ. ಹಿಂದಿನ ರಿಸೆಟ್ ತೂತನ್ನು ಹತ್ತು ಹದಿನೈದು ಸೆಕೆಂಡ್ ಪಿನ್ನಿನಿಂದ ಒತ್ತಿ ಹಿಡಿಯಿರಿ.
2. ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ, ಬ್ರೌಸರಿನಲ್ಲಿ 192.168.1.1 ತೆರೆಯಿರಿ. ವಿಳಾಸ, ಬಳಕೆದಾರ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ಅಡಿಯ ಚೀಟಿಯಲ್ಲಿರುತ್ತವೆ.
3. ವೈ-ಫೈಗೆ ಅಟ್ಟದ ರೂಟರಿನಲ್ಲಿರುವ ಹೆಸರು, ಪಾಸ್‌ವರ್ಡನ್ನೇ ಕೊಡಿ. ಫೋನುಗಳು ಬಲವಾದದ್ದನ್ನು ತಾವೇ ಹಿಡಿದುಕೊಳ್ಳುತ್ತವೆ. ಚಾನೆಲ್ ಮಾತ್ರ ಬೇರೆಯಿರಲಿ: ಮೇಲಿನದು 1 ಆದರೆ ಕೆಳಗಿನದು 6 ಅಥವಾ 11.
4. ಡಿಎಚ್‌ಸಿಪಿ ಆಫ್ ಮಾಡಿ. ಒಂದು ಮನೆಯಲ್ಲಿ ವಿಳಾಸ ಹಂಚುವುದು ಒಂದೇ ಯಂತ್ರ, ಅದು ಅಟ್ಟದ ರೂಟರ್.
5. ಕೊನೆಗೆ ಅದರ ಸ್ವಂತ ವಿಳಾಸ ಬದಲಿಸಿ. ಅಟ್ಟದ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಅಟ್ಟದ್ದು 192.168.0.1 ಆಗಿದ್ದರೆ ಇದು 192.168.0.2. ಉಳಿಸಿದ ಕೂಡಲೇ ಹಳೆಯ ಪುಟ ನಿಂತುಹೋಗುತ್ತದೆ, ಗಾಬರಿಯಾಗಬೇಡಿ.
6. ಈಗ ಅಟ್ಟದಿಂದ ಬಂದ ಕೇಬಲನ್ನು ಇದರ ಲ್ಯಾನ್ ತೂತಿಗೆ ಸಿಕ್ಕಿಸಿ. ವ್ಯಾನ್ ಎಂದು ಬರೆದ ತೂತಿಗಲ್ಲ.

ನಾಲ್ಕನೆಯ ಹೆಜ್ಜೆ ಬಿಟ್ಟುಹೋದರೆ ಆಗುವ ಗೋಳು ವಿಚಿತ್ರ. ಬೆಳಿಗ್ಗೆ ಎಲ್ಲ ಸರಿ ಇರುತ್ತದೆ, ಮಧ್ಯಾಹ್ನ ಒಬ್ಬರಿಗೆ ನೆಟ್ ಇರುತ್ತದೆ, ಇನ್ನೊಬ್ಬರಿಗಿಲ್ಲ. ಎರಡು ಯಂತ್ರಗಳೂ ವಿಳಾಸ ಕೊಡುತ್ತಿರುತ್ತವೆ. ಯಾರ ಫೋನು ಕೆಳಗಿನದರಿಂದ ವಿಳಾಸ ಪಡೆಯಿತೋ ಅದಕ್ಕೆ ಹೊರದಾರಿ ಗೊತ್ತಿರುವುದಿಲ್ಲ. ಹೀಗಾದಾಗ ಜನ ಸಿಮ್ ಕಂಪನಿಯನ್ನು ಬೈಯುತ್ತಾರೆ.

ಜಂಬಿಟ್ಟಿಗೆಯ ದಪ್ಪ ಗೋಡೆಗಳ ಮನೆಯಲ್ಲಿ 5 ಗಿಗಾಹರ್ಟ್ಸ್ ವೈ-ಫೈ ಒಂದು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. 2.4 ಗಿಗಾಹರ್ಟ್ಸ್ ಬಳಸಿ. ಅದು ನಿಧಾನ ಎಂಬ ಮಾತು ಇಲ್ಲಿ ಲೆಕ್ಕಕ್ಕಿಲ್ಲ, ಸಿಮ್ಮಿಗೆ ಬರುವುದೇ ಐದಾರು ಎಂಬಿಪಿಎಸ್. ಇದೇ ಕಾರಣಕ್ಕೆ, ಕೇಬಲ್ ಎಳೆಯಲು ಸಾಧ್ಯವೇ ಇಲ್ಲದ ಕಡೆ ರಿಪೀಟರ್, ಅಂದರೆ ವೈ-ಫೈಯನ್ನು ಹಿಡಿದು ಮುಂದಕ್ಕೆ ಹರಡುವ ಯಂತ್ರ, ಇಟ್ಟರೂ ಪರವಾಗಿಲ್ಲ. ರಿಪೀಟರ್ ವೇಗವನ್ನು ಅರ್ಧ ಮಾಡುತ್ತದೆ ಎನ್ನುವುದು ನಿಜ, ಆದರೆ ಆ ಅರ್ಧವೂ ನಮಗೆ ಬರುವ ನೆಟ್ಟಿಗಿಂತ ಎಷ್ಟೋ ಹೆಚ್ಚು.

ರೂಟರೇ ಇಲ್ಲ, ಫೋನು ಮತ್ತು ಲ್ಯಾಪ್‌ಟಾಪ್ ಮಾತ್ರ ಇವೆ ಎನ್ನುವವರು ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ, ಫೋನಿನ ನೆಟ್ ಲ್ಯಾಪ್‌ಟಾಪಿಗೆ ಬರುತ್ತದೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಮೊಬೈಲ್ ಹಾಟ್‌ಸ್ಪಾಟ್’ ಆನ್ ಮಾಡಿದರೆ ಎಂಟು ಸಾಧನಗಳವರೆಗೆ ಹಂಚುತ್ತದೆ. ಒಳಗಿನವರಿಗೆ ಅದರ ವಿಳಾಸ 192.168.137.1. ಲಿನಕ್ಸ್ ಇದ್ದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಐಪಿವಿ4 ವಿಧಾನವನ್ನು ‘ಇತರ ಕಂಪ್ಯೂಟರ್‌ಗಳೊಂದಿಗೆ ಹಂಚು’ ಎಂದು ಇಡಿ, ವಿಳಾಸ 10.42.0.1 ಆಗುತ್ತದೆ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗ್ ಬದಲಿಸಿಕೊಳ್ಳಿ.

ಕರೆಗಳೂ ಒಳಗೆ ಬರಲಿ

ವೈ-ಫೈ ಮನೆತುಂಬ ಹರಡಿದ ಮೇಲೆ ಎಲ್ಲರ ಫೋನಿನಲ್ಲೂ ‘ವೈ-ಫೈ ಕಾಲಿಂಗ್’ ಆನ್ ಮಾಡಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರುಮಾಡಿದವು. ಬೇರೆ ಕಂಪನಿಯ ನೆಟ್ ಆದರೂ ನಡೆಯುತ್ತದೆ: ಅಟ್ಟದಲ್ಲಿ ಒಂದು ಕಂಪನಿಯ ಸಿಮ್, ಅಮ್ಮನ ಕೈಯಲ್ಲಿ ಇನ್ನೊಂದರದ್ದು. ಮಾಮೂಲಿ ನಂಬರಿಗೆ ಬರುವ ಮಾಮೂಲಿ ಕರೆ ಅಡುಗೆಮನೆಯಲ್ಲೇ ರಿಂಗಾಗುತ್ತದೆ, ಎಸ್‌ಎಂಎಸ್ ಕೂಡ ಸಾಮಾನ್ಯವಾಗಿ ಬರುತ್ತದೆ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಟಾರ್ಚ್ ಹಿಡಿದು ದರೆ ಹತ್ತಿ 108ಕ್ಕೆ ಫೋನ್ ಮಾಡಬೇಕಾದ ಮನೆಗಳಿವೆ. ಯೂಟ್ಯೂಬಿಗಿಂತ ಮೊದಲು ಇದಕ್ಕಾಗಿಯಾದರೂ ಈ ಕೆಲಸ ಮಾಡಿ. ಆನ್ ಮಾಡಿದ ಮೇಲೆ ಮನೆಯ ಪ್ರತಿ ಕೋಣೆಯಿಂದಲೂ ಒಂದೊಂದು ಕರೆ ಮಾಡಿ ಖಚಿತಪಡಿಸಿಕೊಳ್ಳಿ.

ಇರುವುದನ್ನು ಉಳಿಸಿಕೊಳ್ಳುವುದು

ದಿನಕ್ಕೆ ಒಂದೂವರೆ ಎರಡು ಜಿಬಿಯ ಪ್ಯಾಕ್ ಮುಗಿದ ಮೇಲೆ ಎಷ್ಟೋ ಪ್ಲಾನುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಡಯಲ್-ಅಪ್ ಮೋಡೆಮ್ಮಿನ 56ಕ್ಕೆ ಹೆಚ್ಚುಕಡಿಮೆ ಸಮ. ಆಗ ಸೆಕೆಂಡಿಗೆ ಬರುವುದು ಹೆಚ್ಚೆಂದರೆ ಎಂಟು ಕೆಬಿ. ಮೂರು ಎಂಬಿಯ ಒಂದು ವೆಬ್ ಪುಟ ತೆರೆಯಲು ಆರು ನಿಮಿಷಕ್ಕೂ ಹೆಚ್ಚು. ಅದೂ ಮನೆಯಲ್ಲಿ ಒಬ್ಬರೇ ಬಳಸುತ್ತಿದ್ದರೆ.

ಪ್ಯಾಕ್ ಬೇಗ ಮುಗಿಯಲು ದೊಡ್ಡ ಕಾರಣ ಯಾರೂ ನೋಡದ ಡೌನ್‌ಲೋಡ್. ಫೋನುಗಳಿಗೆ ವೈ-ಫೈ ಸಿಕ್ಕಿತೆಂದರೆ ಲೆಕ್ಕವಿಲ್ಲದ ನೆಟ್ ಸಿಕ್ಕಿತು ಎಂಬ ಭಾವನೆ. ಪ್ಲೇ ಸ್ಟೋರ್ ಆ್ಯಪ್‌ಗಳನ್ನೆಲ್ಲ ಅಪ್‌ಡೇಟ್ ಮಾಡುತ್ತದೆ, ವಾಟ್ಸ್‌ಆ್ಯಪ್ ಎಲ್ಲ ಗುಂಪಿನ ವಿಡಿಯೊ ಇಳಿಸುತ್ತದೆ, ಗೂಗಲ್ ಫೋಟೋಸ್ ಮದುವೆಯ ಚಿತ್ರಗಳನ್ನೆಲ್ಲ ಮೇಲೇರಿಸುತ್ತದೆ. ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಈ ವೈ-ಫೈ ಹೆಸರಿನ ಮೇಲೆ ಒತ್ತಿ, ‘ಮೀಟರ್ಡ್’ (ಲೆಕ್ಕವಿಟ್ಟ ನೆಟ್) ಎಂದು ಗುರುತಿಸಿ. ವಿಂಡೋಸ್‌ನಲ್ಲೂ ವೈ-ಫೈ ಪ್ರಾಪರ್ಟೀಸ್‌ನಲ್ಲಿ ಇದೇ ಆಯ್ಕೆಯಿದೆ. ವಾಟ್ಸ್‌ಆ್ಯಪ್‌ನ ಆಟೋ ಡೌನ್‌ಲೋಡಿನಲ್ಲಿ ವೈ-ಫೈ ಸಾಲಿನ ಗುರುತುಗಳನ್ನೆಲ್ಲ ತೆಗೆಯಿರಿ. ಅಪ್‌ಡೇಟ್ ಬೇಕಾದರೆ ರಾತ್ರಿ ಮಲಗುವ ಮುನ್ನ ಉಳಿದ ಡೇಟಾದಲ್ಲಿ ಮಾಡಿ. ದಿನದ ಪ್ಯಾಕ್ ಸಾಮಾನ್ಯವಾಗಿ ಮಧ್ಯರಾತ್ರಿಗೆ ಹೊಸದಾಗುತ್ತದೆ.

ಯೂಟ್ಯೂಬ್ 480ಪಿಯಲ್ಲಿ ಗಂಟೆಗೆ ಸುಮಾರು ಅರ್ಧ ಜಿಬಿ ತಿನ್ನುತ್ತದೆ, 1080ಪಿಯಲ್ಲಿ ಅದರ ಮೂರು ನಾಲ್ಕು ಪಟ್ಟು. ಗುಂಪಿನ ವಿಡಿಯೊ ಪಾಠಕ್ಕೆ ಗಂಟೆಗೆ ಒಂದು ಜಿಬಿ ಹತ್ತಿರ ಇಟ್ಟುಕೊಳ್ಳಿ. ಟಿವಿ ಇದ್ದರೆ ರೂಟರಿನ ‘ಬ್ಯಾಂಡ್‌ವಿಡ್ತ್ ಕಂಟ್ರೋಲ್’ನಲ್ಲಿ ಅದಕ್ಕೆ ಎರಡು ಎಂಬಿಪಿಎಸ್ ಮಿತಿ ಹಾಕಿ. ಅದು ತಾನಾಗಿ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತದೆ, ಸಣ್ಣ ಪರದೆಯಲ್ಲಿ ವ್ಯತ್ಯಾಸ ಕಾಣುವುದೂ ಇಲ್ಲ.

ಒಬ್ಬರು ಫೋಟೊ ಕಳಿಸಿದ ಕೂಡಲೇ ಇನ್ನೊಬ್ಬರ ಪಾಠ ತಡವರಿಸುವುದು ಅಪ್‌ಲೋಡಿನ ಸಮಸ್ಯೆ. ಟವರ್ ಹತ್ತಾರು ವ್ಯಾಟ್ ಬಲದಲ್ಲಿ ಕೂಗುತ್ತದೆ, ನಮ್ಮ ಯಂತ್ರದ ದನಿ ಹೆಚ್ಚೆಂದರೆ 0.2 ವ್ಯಾಟ್. ಸಿಗ್ನಲ್ ಸೋತ ಕಡೆ ಮೊದಲು ಬಡವಾಗುವುದು ಹೋಗುವ ದಾರಿಯೇ. ಪಾಠ, ಸಂದರ್ಶನ, ಡಾಕ್ಟರ ವಿಡಿಯೊ ಭೇಟಿ ನಡೆಯುವಾಗ ಯಾರೂ ಏನೂ ಕಳಿಸಬಾರದು ಎಂದು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಯಾವ ಸೆಟ್ಟಿಂಗಿಗಿಂತಲೂ ಇದು ಹೆಚ್ಚು ಕೆಲಸ ಮಾಡುತ್ತದೆ.

ಕರೆಂಟು, ಸಿಡಿಲು

ಕರೆಂಟ್ ಹೋದಾಗ ಎರಡು ರೂಟರುಗಳೂ ನಿಲ್ಲುತ್ತವೆ. ರೂಟರಿಗೆಂದೇ ಸಿಗುವ ಪುಟ್ಟ ಡಿಸಿ ಯುಪಿಎಸ್ ಎರಡು ತಂದಿಟ್ಟುಕೊಳ್ಳಿ. ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ ನೋಡಿ, ಅದೇ ವೋಲ್ಟಿನದ್ದನ್ನೇ ಕೊಳ್ಳಿ.

ಸಿಡಿಲಿನ ವಿಷಯದಲ್ಲಿ ಉದಾಸೀನ ಬೇಡ. ಏಪ್ರಿಲ್–ಮೇ ತಿಂಗಳ ಸಂಜೆಗಳು, ಮತ್ತೆ ಅಕ್ಟೋಬರಿನ ಹಿಂಗಾರು ನಮ್ಮಲ್ಲಿ ಅಪಾಯದ ಕಾಲ. ದೂರದಲ್ಲಿ ಗುಡುಗು ಕೇಳುತ್ತಿದ್ದಂತೆ ಪ್ಲಗ್ ಕಿತ್ತರಷ್ಟೇ ಸಾಲದು, ಲ್ಯಾನ್ ಕೇಬಲನ್ನು ಎರಡೂ ತುದಿಯಲ್ಲಿ ತೆಗೆಯಿರಿ, ಹೊರಗಿನ ಆಂಟೆನಾ ಇದ್ದರೆ ಅದನ್ನೂ. ಗುಡುಗು ತಲೆಯ ಮೇಲೆ ಬಂದ ಮೇಲೆ ಹೋಗಿ ಕೀಳಬೇಡಿ. ಆಂಟೆನಾವನ್ನು ಮಾಡಿನ ತುದಿಗಿಂತ ಎತ್ತರದ ಕಬ್ಬಿಣದ ಪೈಪಿಗೆ ಕಟ್ಟುವುದಾದರೆ ಎಲೆಕ್ಟ್ರಿಷಿಯನ್ ಕೈಯಿಂದ ಸರಿಯಾದ ಅರ್ಥಿಂಗ್ ಮಾಡಿಸಿ. ಅಡಿಕೆ ಮರಕ್ಕೂ ವಿದ್ಯುತ್ ಕಂಬಕ್ಕೂ ಎಂದೂ ಕಟ್ಟಬೇಡಿ.

ನೆಟ್ ನಿಂತಾಗ

ಕೈಗೆ ಸಿಕ್ಕಿದ್ದನ್ನೆಲ್ಲ ಆಫ್–ಆನ್ ಮಾಡುವ ಬದಲು ಒಳಗಿನಿಂದ ಹೊರಗೆ ನೋಡುತ್ತಾ ಹೋಗಿ. ಫೋನಿನ ಬ್ರೌಸರಿನಲ್ಲಿ ಕೆಳಗಿನ ರೂಟರಿನ ವಿಳಾಸ ತೆರೆಯಿರಿ. ತೆರೆಯದಿದ್ದರೆ ವೈ-ಫೈ ತೊಂದರೆ. ಅದು ತೆರೆದು ಅಟ್ಟದ ರೂಟರಿನ ವಿಳಾಸ ತೆರೆಯದಿದ್ದರೆ ಕೇಬಲ್ ಅಥವಾ ಅಟ್ಟದ ಕರೆಂಟ್. ಅದೂ ತೆರೆದರೆ ಅಲ್ಲಿಯೇ ಸಿಗ್ನಲ್ಲಿನ ಅಂಕಿ, ಪ್ಯಾಕ್ ಮುಗಿದ ಸಂದೇಶ ಎರಡೂ ಕಾಣುತ್ತವೆ. ಅಂಕಿ ಮೊದಲಿನಷ್ಟೇ ಇದ್ದು, ಪ್ಯಾಕ್ ಕೂಡ ಇದ್ದು, ನೆಟ್ ಮಾತ್ರ ಇಲ್ಲವೆಂದರೆ ತೊಂದರೆ ಬಹುಶಃ ಟವರಿನ ಕಡೆಯದ್ದು. ಆಗ ಅಕ್ಕಪಕ್ಕದ ಮನೆಯವರನ್ನು ಕೇಳಿ ಖಾತ್ರಿ ಮಾಡಿಕೊಂಡು ಕಸ್ಟಮರ್ ಕೇರ್‌ಗೆ ದೂರು ಕೊಡಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಅದೇ ಟವರಿನ ನೆರೆಮನೆಗಳವರೂ ಬೇರೆ ಬೇರೆಯಾಗಿ ದೂರು ದಾಖಲಿಸಲಿ.